ಇತರೆ ತೂಕ

ಹೆಬರ್ನ್‌ನಲ್ಲಿ, ಟೈನ್ ನದಿಯ ದಕ್ಷಿಣ ದಂಡೆಯಲ್ಲಿ,
ಅಡುಗೆಮನೆಯ ಮೇಜಿನಿಂದ ಬೆಣ್ಣೆಯ ತಟ್ಟೆ ಸರಿಸಿ
ಮೇವಿಸ್ ಥರ್ಲ್‌ವೆಲ್ ಹಡಗು ಕಟ್ಟುತ್ತಿದ್ದಾಳೆ.
ವಯಸ್ಸು ಎಪ್ಪತ್ತೆಂಟು.
ವರ್ಷ, ಅವಳೇ ಒತ್ತಿದಂತೆ, ೧೮೯೯.

ಉದ್ದ ಇನ್ನೂರ ಹತ್ತು ಅಡಿ.
ಅಗಲ ಇಪ್ಪತ್ತೊಂದು.
ಇದು ಹಡಗಲ್ಲ, ಈಜುವ ಸೂಜಿ.
ಇಂಜಿನ್ ಎಂಬಲ್ಲಿ ಪಿಸ್ಟನ್ ಬಿಟ್ಟು ಟರ್ಬೈನ್ ಆರಿಸಿದಳು.
ಪರದೆ ಒಂದು ಕ್ಷಣ ಉಸಿರು ಹಿಡಿದು
ಕೆಂಪಕ್ಷರದಲ್ಲಿ ಹೇಳಿತು:
ಮೂವತ್ತಾರು ನಾಟ್ ಓಡುತ್ತದೆ.
ಮೊದಲ ದೊಡ್ಡ ಅಲೆಗೆ ಬೆನ್ನು ಮುರಿಯುತ್ತದೆ.

ಸರಿ. ತಗಡು ದಪ್ಪ ಮಾಡಿದಳು, ತಗ್ಗಿ ಕೂತಿತು.
ಕಲ್ಲಿದ್ದಲು ಕಡಿಮೆ ಮಾಡಿದಳು, ನಡುದಾರಿಯಲ್ಲಿ ಹಸಿದು ನಿಂತಿತು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ;
ಈ ಲೆಕ್ಕದಲ್ಲಿ ಇರುವುದೆಲ್ಲ ಎಮ್ಮೆಯೇ.

ಟರ್ಬೈನಿನ ಗುಣವೇ ಹಾಗೆ.
ಓಡುವಾಗ ಸಾಧು, ಗಂಟಲಲ್ಲಿ ಒಂದೇ ಸ್ವರ,
ಮೇಲೆ ನಾಣ್ಯ ನಿಲ್ಲಿಸಿದರೂ ಬೀಳದು.
ನಿಧಾನ ಹೋಗು ಅಂದರೆ ಮಾತ್ರ ಬಕಾಸುರ,
ಬಂಡಿ ಬಂಡಿ ಕಲ್ಲಿದ್ದಲು ಉಂಡು
ಬಂಡಿ ತಂದವನ ಕಡೆಗೂ ನೋಡುತ್ತದೆ.
ಇನ್ನು ಹಿಂದಕ್ಕೆ ಬರಲು ಅದಕ್ಕೆ ಗೊತ್ತೇ ಇಲ್ಲ;
ಅದಕ್ಕೆಂದೇ ಇನ್ನೊಂದು ಪುಟ್ಟ ಟರ್ಬೈನು,
ಅದರ ತೂಕ ಬೇರೆ.

ನಾಲ್ಕು ದಂಡಿಗೆ ಎಂಟು ಪ್ರೊಪೆಲ್ಲರ್.
ವಿಪರೀತ ತಿರುಗಿಸಿದರೆ ನೀರು
ಬೆಂಕಿಯಿಲ್ಲದೆ ಕುದಿಯುತ್ತದಂತೆ, ತಣ್ಣಗೆ,
ಗುಳ್ಳೆ ಒಡೆದು ಕಂಚನ್ನೇ ಕೊರೆಯುತ್ತದಂತೆ.
ಇದನ್ನೋದಿ ಮೇವಿಸ್ ಕನ್ನಡಕ ತೆಗೆದಿಟ್ಟಳು.
ಅಂಥ ಕುದಿತ ಅವಳಿಗೆ ಗೊತ್ತು.

ಹತ್ತೊಂಬತ್ತು ವರ್ಷ ನಕ್ಷೆಯ ಕೋಣೆಯಲ್ಲಿ
ಗಂಡಸರ ಪೆನ್ಸಿಲ್ ಗೆರೆಯ ಮೇಲೆ
ಗಂಜಿ ಹಾಕಿದ ನೀಲಿ ಲಿನನ್ ಹಾಸಿ
ಶಾಯಿಯಲ್ಲಿ ಅದೇ ಗೆರೆ ಎಳೆದವಳು.
ತಪ್ಪೆಂದು ಕಂಡರೂ
ತಪ್ಪನ್ನೇ ಎಳೆಯಬೇಕು, ಅಚ್ಚುಕಟ್ಟಾಗಿ.
ಅರವತ್ತನಾಲ್ಕರಲ್ಲಿ ಒಮ್ಮೆ
ಉಗಿಯ ಪೈಪೊಂದು ಏಣಿಯೊಳಗೇ ಹಾದು ಹೋಗುತ್ತಿತ್ತು.
ಹೇಳಿದಳು. ಮಿಸ್ಟರ್ ಕ್ರಾಸ್ಟರ್ ನಕ್ಕ:
'ಹುಡುಗೀ, ನಿನ್ನ ಕೆಲಸ ಗೆರೆ.'
ಆಮೇಲೆ ಆ ಏಣಿ ಕಿತ್ತು ಕೂರಿಸಲು ಮೂರು ವಾರ.

ರದ್ದಾದ ಲಿನನ್ನು ಮನೆಗೆ ತಂದು
ಗಂಜಿ, ಶಾಯಿ ಬಿಡುವ ತನಕ ಒಗೆದು
ಕರವಸ್ತ್ರ ಹೊಲಿಯುತ್ತಿದ್ದರು ಹುಡುಗಿಯರು.
ಮದುವೆಯ ದಿನ ಅವಳು ಕಣ್ಣೊರೆಸಿಕೊಂಡದ್ದು
ಯಾವುದೋ ಬಾಯ್ಲರಿನ ಅಡ್ಡಕೊಯ್ತದಲ್ಲಿ.

ಸಿಬ್ಬಂದಿ: ಅರವತ್ತೆಂಟು.
ಟನ್ನಿನ ಲೆಕ್ಕ ಹಿಡಿದು ಪ್ರೋಗ್ರಾಮೇ ತುಂಬಿಕೊಂಡಿತು.
ಅದರಲ್ಲಿ ಅರ್ಧದಷ್ಟು ಸಲಿಕೆಯವರು.
ತಾಯಿಯ ತಂದೆ ಎಬ್ ಸ್ಟೋಬರ್ಟ್ ಅಂಥವನೊಬ್ಬ;
ಚಹಾದ ಕಪ್ಪನ್ನು ಹಿಡಿಕೆ ಬಿಟ್ಟು ತಬ್ಬಿ ಹಿಡಿಯುತ್ತಿದ್ದ,
ಬಿಸಿ ಅನ್ನುವುದು ಅವನ ಅಂಗೈಗೆ ಮರೆತೇಹೋಗಿತ್ತು.
ಪರದೆಯಲ್ಲಿ ಫಿರಂಗಿಗೊಂದು ಮನೆ,
ಗುಂಡಿಗೊಂದು, ಟಾರ್ಪಿಡೊಗೆ ಎರಡು.
ಎಬ್‌ಗೆ ಇಲ್ಲ.

ಕೊನೆಗೆ, ಕೆಳಗೆ, ಮೂಲೆಯಲ್ಲಿ: ಇತರೆ ತೂಕ.
ಅಲ್ಲಿ ಆರು ಟನ್ ಎಂದು ಬರೆದಳು.
ಏನೆಂದು ಪ್ರೋಗ್ರಾಮ್ ಕೇಳಲಿಲ್ಲ.
ಗಾಳಿಯೂದಲು ಇನ್ನೊಂದು ಫ್ಯಾನು.
ಎರಡನೆಯ ಏಣಿ, ಪೈಪಿನಿಂದ ದೂರ.
ಕುಡಿಯುವ ನೀರು. ಕೂರಲು ಬೆಂಚು,
ಬರೀ ಹಲಗೆಯಾದರೂ ಸಾಕು.
ಆಮೇಲೆ ಬೆನ್ನಿಗೆ ಉಕ್ಕು, ಕೈ ಹಿಡಿಯದೆ.

ಮೂವತ್ತಾರು ಇಳಿದು ಮೂವತ್ತೊಂದಾಯಿತು.
ಹಳೇ ಪಿಸ್ಟನ್ ಹಡಗೂ ಹೆಚ್ಚುಕಡಿಮೆ ಅಷ್ಟು ಓಡುತ್ತಿತ್ತು.
ಇದನ್ನು ಯಾವ ನೌಕಾಪಡೆ ಕೊಳ್ಳುತ್ತದೆ?
ಕೆಂಪಕ್ಷರ ಮಾತ್ರ ಕಪ್ಪಾಯಿತು:
ಬೆನ್ನು ತಡೆಯುತ್ತದೆ.

ವಿನ್ಯಾಸಕಾರರ ಹೆಸರು, ಎಂದು ಕೇಳಿತು.
ಬೆರಳು ಹಳೇ ರೂಢಿಗೆ
ಮೇ. ಥ. ಎಂದು ಎರಡೇ ಅಕ್ಷರ ಒತ್ತಿ ನಿಂತಿತು.
ನಕ್ಷೆಯ ಮೂಲೆಯಲ್ಲಿ
ಗೆರೆಯವರಿಗೆ ಬಿಟ್ಟಿದ್ದ ಜಾಗ ಅಷ್ಟೇ.

ಲ್ಯಾಪ್‌ಟಾಪಿನ ಹೊಟ್ಟೆ ಸುಡುತ್ತಿತ್ತು, ಒಳಗಿನ ಫ್ಯಾನು
ಒಂದೇ ಸ್ವರದಲ್ಲಿ ಕೂಗುತ್ತಿತ್ತು.
ಎತ್ತಿ, ಅಡಿಗೆ ಎರಡು ಚಮಚ ಇಟ್ಟಳು,
ಗಾಳಿಯಾಡಲಿ ಪಾಪ ಎಂದು.
ಹೆಸರಿನ ಮನೆ ಆಮೇಲೆ ನೋಡಿದರಾಯಿತು.